ಈಚಲ ತೋಪು ಎಬ್ಬಿಸುವವರು ಮೊದಲು ಗಂಡುಗಿಡ ಎಣಿಸಿ

ಹುಬ್ಬಳ್ಳಿ ತಾಲ್ಲೂಕಿನಲ್ಲಿ ಬೆಣ್ಣಿಹಳ್ಳದ ದಂಡೆಗೆ ನಮ್ಮದೊಂದು ಎರೆ ಹೊಲ. ಹಳ್ಳದ ಕಡೆಯ ಬದುವಿನ ಮೇಲೆ ಹನ್ನೊಂದು ಈಚಲ ಗಿಡಗಳಿದ್ದವು. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಕಾಕಾ ಅದರಲ್ಲಿ ಎರಡನ್ನು ಕಡಿಸಿ, ಕಾಂಡ ಸೀಳಿಸಿ ದನದ ಕೊಟ್ಟಿಗೆಗೆ ಹಾಕಿಸಿದರು. "ಒಂದ ವರ್ಷಾನೂ ಹಣ್ಣ ಬಿಡಲಿಲ್ಲ. ಮುಳ್ಳ ಚುಚ್ಚಾಕಷ್ಟ ಅದಾವು. ಇಟಗೊಂಡ ಏನ್ ಮಾಡೂದು?" ಎಂದರು. ಯಾರೂ ಎದುರಾಡಲಿಲ್ಲ. ಮುಂದಿನ ಬೇಸಿಗೆಗೆ ಉಳಿದ ಒಂಬತ್ತೂ ಗೊನೆ ಬಿಟ್ಟವು. ಆದರೆ ಗೊನೆಯ ತುಂಬ ಕಡಲೆಕಾಳಿನಷ್ಟು, ಒಳಗೆ ಬೀಜವೇ ಇಲ್ಲದ ಒಣಕಲು ಕಾಯಿ. ಸರಿಯಾಗಿ ಮಾಗಿದ ಹಣ್ಣು ಅಲ್ಲೊಂದು ಇಲ್ಲೊಂದು. ಆ ವರ್ಷ ಮಳೆಯ ಮೇಲೆ ತಪ್ಪು ಹೊರಿಸಿದೆವು. ಈಚಲಿನಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ; ಹಣ್ಣು ಬಿಡುವುದು ಹೆಣ್ಣು ಮಾತ್ರ, ಅದಕ್ಕೂ ಗಂಡಿನ ಪರಾಗ ಬೇಕು. ಕಡಿದ ಎರಡೂ ಗಂಡುಗಿಡ ಎಂಬುದು ತಲೆಗೆ ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು.

ಈಗ ಬದುವಿಗೆ, ಹಳ್ಳದ ದಂಡೆಗೆ, ಊರ ಗೋಮಾಳಕ್ಕೆ ಈಚಲು ಹಚ್ಚಬೇಕು ಅನ್ನುವವರು ಧಾರವಾಡ, ಗದಗ, ಹಾವೇರಿ ಕಡೆ ಮತ್ತೆ ಸಿಗುತ್ತಿದ್ದಾರೆ. ಎಲ್ಲರೂ ಕೇಳುವುದು ಎಷ್ಟು ಸಸಿ ಎಂದು. ಎಷ್ಟು ತಾಯಿ, ಎಷ್ಟು ತಂದೆ ಎಂದು ಕೇಳುವವರಿಲ್ಲ. ನಾನು ಎಡವಿ ಕಲಿತದ್ದನ್ನು, ಕೆಲಸ ಬರುವ ತಿಂಗಳ ಪ್ರಕಾರವೇ ಬರೆಯುತ್ತೇನೆ.

ಮೊದಲು ಗಿಡದ ಗುರುತು

ನಮ್ಮ ಹಳ್ಳದ ದಂಡೆಯ ಎತ್ತರದ ಈಚಲಿನ ಶಾಸ್ತ್ರೀಯ ಹೆಸರು ಫೀನಿಕ್ಸ್ ಸಿಲ್ವೆಸ್ಟ್ರಿಸ್. ಸಿಂದಿ ಗಿಡ ಅಂತಲೂ ಕರೆಯುತ್ತಾರೆ. ಬಂಗಾಳದಲ್ಲಿ ಚಳಿಗಾಲದ ಘಮಘಮ ಬೆಲ್ಲ ಮಾಡುವುದೂ ಇದರ ರಸದಿಂದಲೇ. ಅಂಗಡಿಯ ಖರ್ಜೂರದ ಗಿಡ ಇದಕ್ಕೆ ಹತ್ತಿರದ ಸಂಬಂಧಿ. ಗುರುತು ಹಿಡಿಯಲು ಒಂದು ಎಸಳಿನ ಮಡಿಕೆ ನೋಡಿ: ಈಚಲಿನ ಎಸಳು ದೋಣಿಯ ಹಾಗೆ ಮೇಲ್ಮುಖವಾಗಿ ಮಡಚಿರುತ್ತದೆ, ತೆಂಗಿನದು ಮನೆಯ ಮಾಡಿನ ಹಾಗೆ ಕೆಳಮುಖ. ಗರಿಯ ಬುಡದ ಎಸಳುಗಳೇ ಮುಳ್ಳಾಗಿ ಮಾರ್ಪಟ್ಟಿರುತ್ತವೆ, ಕಣ್ಣಿಗೆ ಬಡಿದರೆ ಕಥೆ ಮುಗಿಯಿತು. ಕನ್ನಡಕ ಇಲ್ಲದೆ ಈಚಲಿನೊಳಗೆ ತಲೆ ಹಾಕಬೇಡಿ.

ಗುಡ್ಡದ ಹುಲ್ಲಿನ ನಡುವೆ ಬೆಳೆಯುವ ಗಿಡ್ಡ ಈಚಲು ಬೇರೆ ಜಾತಿ, ಫೀನಿಕ್ಸ್ ಲೌರೇರಿ. ಅದು ಬುಡದಿಂದ ಮರಿ ಒಡೆದು ಹಿಂಡಾಗಿ ನಿಲ್ಲುತ್ತದೆ, ಬೆಂಕಿ ಬಿದ್ದರೂ ಮತ್ತೆ ಚಿಗುರುತ್ತದೆ. ಎತ್ತರದ ಈಚಲು ಸಾಮಾನ್ಯವಾಗಿ ಒಂಟಿ ಕಾಂಡದ್ದು, ಮರಿ ಒಡೆಯುವುದಿಲ್ಲ. ಈ ವ್ಯತ್ಯಾಸ ನಮ್ಮ ಲೆಕ್ಕಕ್ಕೆ ದೊಡ್ಡದು. ಬುಡದಿಂದ ಒಡೆದ ಮರಿಗಳೆಲ್ಲ ಒಂದೇ ಗಿಡದ ಪಡಿಯಚ್ಚು. ಗಿಡ್ಡ ಈಚಲಿನ ಹಿಂಡಿನಲ್ಲಿ ಹತ್ತು ತಲೆ ಕಂಡರೂ ಒಂದೇ ಎಂದು ಬರೆದುಕೊಳ್ಳಿ. ಎತ್ತರದ ಈಚಲು ಮಾತ್ರ ಒಂದೊಂದೂ ಬೇರೆ ಬೇರೆ ಬೀಜದಿಂದ ಎದ್ದದ್ದು, ಒಂದರ ಹಾಗೆ ಇನ್ನೊಂದಿಲ್ಲ. ಹಳ್ಳದ ದಂಡೆಯ ಹಣ್ಣು ತಿಂದವರಿಗೆ ಇದು ಗೊತ್ತಿರುವುದೇ: ಈ ಗಿಡದ್ದು ಜೇನಿನಂಥದ್ದು, ಅದರ ಪಕ್ಕದ್ದು ಬಾಯಿ ಒಗರು.

ಕಲಘಟಗಿ ದಾಟಿ ಯಲ್ಲಾಪುರದ ಕಾಡಿನ ಕಡೆ ಹೋದರೆ ಸಿಗುವ, ತಾಳೆಯ ಬಳಗದ ಬೈನೆ ಮರದ ಸಂಸಾರ ಬೇರೆ ಥರ. ಅದರಲ್ಲಿ ಒಂದೇ ಮರದ ಮೇಲೆ ಗಂಡುಹೂವೂ ಹೆಣ್ಣುಹೂವೂ ಇರುತ್ತವೆ. ಮೇಲಿನಿಂದ ಕೆಳಕ್ಕೆ ಒಂದೊಂದೇ ಹೊಂಬಾಳೆ ಬಿಡುತ್ತಾ ಬಂದು, ಕೊನೆಯದು ಮುಗಿದ ಮೇಲೆ ಮರವೇ ಸಾಯುತ್ತದೆ. ಇಲ್ಲಿ ಹೇಳುವ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ತಾಳೆಗೆ ಹೊಂದುತ್ತದೆ, ಅದರಲ್ಲೂ ಗಂಡು ಬೇರೆ, ಹೆಣ್ಣು ಬೇರೆ.

ಸಂಕ್ರಾಂತಿಯಿಂದ ಹೋಳಿಯವರೆಗೆ: ಗಂಡು ಯಾವುದು, ಹೆಣ್ಣು ಯಾವುದು

ಈಚಲಿನ ಗಂಡು ಹೆಣ್ಣು ಗುರುತಿಸಲು ವರ್ಷದಲ್ಲಿ ಕೆಲವೇ ವಾರ ಅವಕಾಶ. ಸಂಕ್ರಾಂತಿ ಕಳೆದ ಮೇಲೆ ಗರಿಗಳ ನಡುವಿನಿಂದ ಹೊಂಬಾಳೆ ಇಣುಕುತ್ತದೆ. ಒಂದು ನೋಟ್‌ಬುಕ್, ಒಂದು ಡಬ್ಬಿ ಬಣ್ಣ ಹಿಡಿದು ಹೊರಡಿ. ಪ್ರತಿ ಗಿಡಕ್ಕೂ ಒಂದು ನಂಬರು ಬರೆಯಿರಿ, ಮೊಬೈಲಿನಲ್ಲಿ ಜಾಗ ಗುರುತು ಹಾಕಿ.

ಗಂಡು ಹೊಂಬಾಳೆ ಒಡೆದಾಗ ಒಳಗೆ ಬಿಳಿ ಹೂವು ಒತ್ತೊತ್ತಾಗಿ ತುಂಬಿರುತ್ತವೆ, ಘಮ್ಮೆನ್ನುತ್ತವೆ. ಕೋಲಿನಿಂದ ತಟ್ಟಿದರೆ ಜೋಳದ ಹಿಟ್ಟು ಹಾರಿದ ಹಾಗೆ ಧೂಳು ಏಳುತ್ತದೆ. ಅದೇ ಪರಾಗ. ಹೆಣ್ಣಿನದು ಹಾಗಲ್ಲ. ಕಡ್ಡಿಗಳ ಮೇಲೆ ದುಂಡನೆಯ ಸಣ್ಣ ಗುಂಡು ವಿರಳವಾಗಿ ಅಂಟಿಸಿದ ಹಾಗೆ ಕಾಣುತ್ತದೆ, ವಾಸನೆಯೂ ಅಷ್ಟಕ್ಕಷ್ಟೆ. ಪ್ರತಿ ಹೆಣ್ಣುಹೂವಿನಲ್ಲಿ ಮೂರು ಅಂಡಕೋಶ ಇರುತ್ತವೆ. ಪರಾಗ ತಲುಪಿದರೆ ಒಂದು ಮಾತ್ರ ಹಣ್ಣಾಗಿ ಎರಡು ಉದುರುತ್ತವೆ. ತಲುಪದಿದ್ದರೆ ಮೂರೂ ಒಟ್ಟಿಗೇ ಸೊರಗು ಕಾಯಾಗಿ ಬೆಳೆಯುವುದುಂಟು. ಖರ್ಜೂರ ಬೆಳೆಯುವವರಿಗೆ ಇದು ಹಳೆಯ ಗೋಳು. ನಮ್ಮ ಬದುವಿನ ಬೀಜವಿಲ್ಲದ ಕಾಯಿಯ ಗುಟ್ಟೂ ಇದೇ.

ಹೋಳಿ ಹುಣ್ಣಿಮೆ ಕಳೆದ ಮೇಲೆ ಹೋದರೂ ಗುರುತು ಸಿಗುತ್ತದೆ. ಗಂಡಿನ ಹೂವಿನ ತೊಟ್ಟು ಗಿಡ್ಡವಾಗಿಯೇ ಉಳಿದು ಒಣಗಿ, ಸವೆದ ಕಸಬರಿಗೆಯ ಹಾಗೆ ನೇತಾಡುತ್ತದೆ. ಹೆಣ್ಣಿನ ತೊಟ್ಟು ದಿನಗಳೆದಂತೆ ಉದ್ದವಾಗಿ ಬಾಗಿ, ಕಾಯಿ ಬಲಿತಾಗ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲ ಸುರುವಾದ ಮೇಲೆ ಮಾತ್ರ ಗರಿ ನೋಡಿ, ಕಾಂಡ ನೋಡಿ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಮನುಷ್ಯರಲ್ಲಿರುವ ಹಾಗೆ ಖರ್ಜೂರದಲ್ಲೂ ಎಕ್ಸ್-ವೈ ಮಾದರಿಯ ಲಿಂಗ ನಿರ್ಧಾರ ಇದೆ; ಎಲೆಯ ಡಿಎನ್ಎ ಪರೀಕ್ಷೆಯಿಂದ ಪ್ರಯೋಗಾಲಯದಲ್ಲಿ ಪತ್ತೆ ಮಾಡುತ್ತಾರೆ. ಬದುವಿನ ಮೇಲೆ ನಿಂತವರಿಗೆ ಹೂವೇ ಪರೀಕ್ಷೆ.

ತಲೆ ಎಣಿಕೆ ಬೇರೆ, ಸಂಸಾರದ ಎಣಿಕೆ ಬೇರೆ

ನೋಟ್‌ಬುಕ್ ತುಂಬಿದ ಮೇಲೆ ಒಂದು ಚಿಕ್ಕ ಲೆಕ್ಕ ಹಾಕಿ. ಅಮೆರಿಕದ ತಳಿಶಾಸ್ತ್ರಜ್ಞ ಸಿವಾಲ್ ರೈಟ್ 1931ರಲ್ಲಿ ಕೊಟ್ಟ ಸೂತ್ರ ಇದು. ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ, ಆಮೇಲೆ ಗಂಡು ಹೆಣ್ಣು ಸೇರಿದ ಒಟ್ಟು ಸಂಖ್ಯೆಯಿಂದ ಭಾಗಿಸಿ. ಮುಂದಿನ ತಲೆಮಾರಿಗೆ ತಳಿಗುಣಗಳ ವೈವಿಧ್ಯ ದಾಟಿಸುವ ವಿಷಯದಲ್ಲಿ ನಿಮ್ಮ ತೋಪು ನಿಜವಾಗಿ ಎಷ್ಟು ಗಿಡಕ್ಕೆ ಸಮ ಎಂಬುದು ಸಿಗುತ್ತದೆ.

ಒಂದು ಹಳ್ಳದ ದಂಡೆಯಲ್ಲಿ 30 ಹೆಣ್ಣು, 3 ಗಂಡು ಇವೆ ಅಂದುಕೊಳ್ಳಿ. ಕಣ್ಣಿಗೆ 33 ಗಿಡ. ಸೂತ್ರದ ಪ್ರಕಾರ 360ನ್ನು 33ರಿಂದ ಭಾಗಿಸಿದರೆ ಬರುವುದು ಸುಮಾರು 11. ಅದೇ ದಂಡೆಯಲ್ಲಿ ಗಂಡು 10 ಇದ್ದಿದ್ದರೆ 1200ನ್ನು 40ರಿಂದ ಭಾಗಿಸಿ 30 ಬರುತ್ತಿತ್ತು. ಏಳು ಗಂಡುಗಿಡ ಕಡಿದ ಕೈ ತೋಪಿನ ಬಲವನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿತು. ಹಣ್ಣಿನ ಬುಟ್ಟಿ ನೋಡಿದರೆ ಮಾತ್ರ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಮೂರೇ ಗಂಡು ಬೇಕಾದಷ್ಟು ಪರಾಗ ಸುರಿಯುತ್ತವೆ. ಎಲ್ಲ ಬೀಜವೂ ಆ ಮೂವರ ಮಕ್ಕಳೇ ಆಗಿರುತ್ತವೆ. ಪ್ರತಿ ತಲೆಮಾರಿನಲ್ಲಿ ಕಳೆದುಹೋಗುವ ವೈವಿಧ್ಯದ ಪಾಲು ಈ ಸಂಖ್ಯೆಯ ಎರಡರಷ್ಟರಲ್ಲಿ ಒಂದು: 11 ಇದ್ದಾಗ ಶೇಕಡಾ 4.5ರಷ್ಟು, 30 ಇದ್ದಾಗ ಶೇಕಡಾ 1.7ರಷ್ಟು.

ಹೋದರೆ ಹೋಗಲಿ ಬಿಡಿ, ವೈವಿಧ್ಯ ತಗೊಂಡು ಏನು ಮಾಡುವುದು ಎಂದು ಒಬ್ಬ ಗೆಳೆಯ ಕೇಳಿದ. ನಾನು ಅವನ ಹೊಲದ ಬದುವನ್ನೇ ತೋರಿಸಿದೆ. ಹಿಂದೊಂದು ಬರದಲ್ಲಿ ಅಲ್ಲಿನ ಎಂಟು ಈಚಲಿನಲ್ಲಿ ಮೂರು ತಲೆ ಬಾಗಿಸಿ ಹೋದವು, ಐದು ಉಳಿದವು. ನೆಲ ಒಂದೇ, ನೀರು ಒಂದೇ. ಬೇರು ಒಂದಿಷ್ಟು ಆಳ ಇಳಿಸುವ ಗುಣವೋ ಮತ್ತೇನೋ ಆ ಐದರಲ್ಲಿ ಇದ್ದಿರಬೇಕು. ಎಂಟೂ ಒಂದೇ ಗಿಡದ ಪಡಿಯಚ್ಚಾಗಿದ್ದರೆ ಉಳಿದರೆ ಎಲ್ಲ ಉಳಿಯುತ್ತಿದ್ದವು, ಹೋದರೆ ಎಲ್ಲ ಹೋಗುತ್ತಿದ್ದವು.

ಗಂಡು ಇಲ್ಲದ ಕಡೆ ಕೈಯಿಂದ ಪರಾಗ

ಎಣಿಕೆಯಲ್ಲಿ ಗಂಡು ತೀರ ಕಡಿಮೆ ಎಂದು ಕಂಡರೆ ಹೊಸ ಸಸಿ ದೊಡ್ಡದಾಗುವವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಖರ್ಜೂರದ ನಾಡಿನವರು ಸಾವಿರಾರು ವರ್ಷದಿಂದ ಮಾಡಿಕೊಂಡು ಬಂದ ಕೆಲಸವನ್ನೇ ನಾವೂ ಮಾಡಬಹುದು. ಈ ಹಂತದಲ್ಲಿ ಅವಸರ ಮಾಡಿದರೆ ವರ್ಷವೇ ಹೋದಂತೆ, ಹೀಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪಕ್ಕದ ಊರುಗಳಲ್ಲಿ ಐದಾರು ಗಂಡುಗಿಡ ಮೊದಲೇ ನೋಡಿಟ್ಟಿರಿ. ಹೊಲದವರನ್ನು ಕೇಳಿ, ಒಂದೊಂದರಿಂದ ಈಗಷ್ಟೇ ಬಾಯಿ ಬಿಟ್ಟ ಒಂದು ಹೊಂಬಾಳೆ ಮಾತ್ರ ಕೊಯ್ಯಿರಿ. ಪೂರ್ತಿ ಅರಳಿದ್ದು ಬೇಡ, ಅದರ ಧೂಳು ಆಗಲೇ ಗಾಳಿಗೆ ಹೋಗಿರುತ್ತದೆ. ಮನೆಯೊಳಗೆ ಬಿಸಿಲು, ಗಾಳಿ ತಾಗದ ಕಡೆ ಪೇಪರ್ ಹಾಸಿ, ಕಡ್ಡಿಗಳನ್ನು ಬಿಡಿಸಿ ಒಂದೆರಡು ದಿನ ಒಣಗಿಸಿ. ಕೆಳಗೆ ಉದುರಿದ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಸೋಸಿ. ಫ್ಯಾನ್ ಹಾಕಬೇಡಿ. ನಾನು ಹಾಕಿ, ಹಿಟ್ಟೆಲ್ಲ ದೇವರ ಗೂಡಿನ ಮೇಲೆ ಹೋಗಿ ಕೂತು, ಮನೆಯವರಿಂದ ಸಾಕಷ್ಟು ಕೇಳಿದ್ದೇನೆ.

ಐದಾರು ಗಿಡದ ಹಿಟ್ಟನ್ನು ಸಮಪ್ರಮಾಣದಲ್ಲಿ ಕಲಸಿ. ಹೀಗೆ ಕಲಸುವುದರಲ್ಲೇ ಇಡೀ ಕೆಲಸದ ಲಾಭ ಇದೆ. ಒಂದೇ ಗಂಡಿನ ಪರಾಗವನ್ನು ಊರೆಲ್ಲ ಹಂಚಿದರೆ ಹಣ್ಣು ಬರುತ್ತದೆ, ವೈವಿಧ್ಯ ಬರುವುದಿಲ್ಲ. ಒಂದು ಪಾಲು ಪರಾಗಕ್ಕೆ ಐದು ಪಾಲು ಒಣ ಮೈದಾ ಇಲ್ಲವೆ ಟಾಲ್ಕಂ ಪೌಡರ್ ಬೆರೆಸಿದರೆ ಸಾಕು. ಹೆಣ್ಣು ಹೊಂಬಾಳೆ ಒಡೆದ ಎರಡು ಮೂರು ದಿನದೊಳಗೆ, ಇಬ್ಬನಿ ಆರಿದ ಮೇಲೆ, ಉದ್ದನೆಯ ಬಿದಿರಿನ ತುದಿಗೆ ತೆಳು ಬಟ್ಟೆಯ ಗಂಟು ಕಟ್ಟಿ ಅದರಲ್ಲಿ ಈ ಹಿಟ್ಟು ತುಂಬಿ, ಹೂವಿನ ಮೇಲೆ ಮೆಲ್ಲಗೆ ತಟ್ಟಿ. ಒಂದೇ ಗಿಡದಲ್ಲಿ ಹೊಂಬಾಳೆಗಳು ಒಟ್ಟಿಗೆ ಒಡೆಯುವುದಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಹೋಗಬೇಕು. ಗಿಡ್ಡ ಗಿಡವಾದರೆ ಇನ್ನೂ ಸುಲಭ: ಗಂಡುಹೂವಿನ ಎರಡು ಮೂರು ಕಡ್ಡಿಗಳನ್ನು ತಲೆಕೆಳಗಾಗಿ ಹೆಣ್ಣು ಗೊನೆಯ ನಡುವೆ ಸಿಕ್ಕಿಸಿ, ದಾರದಿಂದ ಸಡಿಲವಾಗಿ ಕಟ್ಟಿಬಿಡಿ.

ಗಂಡು ಮೊದಲೇ ಅರಳಿ ಹೆಣ್ಣು ತಡ ಮಾಡಿದರೆ, ಚೆನ್ನಾಗಿ ಒಣಗಿದ ಪರಾಗವನ್ನು ಗಾಳಿಯಾಡದ ಬಾಟಲಿಯಲ್ಲಿ, ಒಂದು ಪೊಟ್ಟಣ ಸಿಲಿಕಾ ಜೆಲ್ ಜೊತೆ ಫ್ರೀಜರಿನಲ್ಲಿಡಿ. ಮುಂದಿನ ವರ್ಷಕ್ಕೂ ಬರುತ್ತದೆ. ಉಬ್ಬಸ ಇದ್ದವರು ಈ ಕೆಲಸಕ್ಕೆ ಕೈ ಹಾಕಬೇಡಿ.

ಕಾರ ಹುಣ್ಣಿಮೆಯ ಹೊತ್ತಿಗೆ: ಬೀಜ ಆರಿಸುವುದು

ರೋಹಿಣಿ ಮಳೆ, ಮಿರಗದ ಮಳೆ ಅನ್ನುವ ಹೊತ್ತಿಗೆ ಹಣ್ಣು ಕೆಂಪುಗಂದಾಗುತ್ತದೆ. ಇಲ್ಲಿಯೇ ನನ್ನ ಎರಡನೇ ತಪ್ಪು ನಡೆದದ್ದು. ಊರಿನಲ್ಲಿ ಅತಿ ಸಿಹಿ ಹಣ್ಣಿನ ಗಿಡ ಎಂದು ಹೆಸರಾದ ಒಂದರಿಂದ ಒಂದೇ ಗೊನೆ ಕೊಯ್ದು ನಲವತ್ತು ಸಸಿ ಎಬ್ಬಿಸಿದೆ. ನಲವತ್ತಕ್ಕೂ ಒಬ್ಬಳೇ ತಾಯಿ. ಗೊನೆ ಒಂದೇ ಆದ್ದರಿಂದ ಅದು ಅರಳಿದ ಆ ಕೆಲವು ದಿನ ಹತ್ತಿರದಲ್ಲಿ ಧೂಳು ಹಾರಿಸುತ್ತಿದ್ದ ಗಂಡು ಒಂದೋ ಎರಡೋ. ನಲವತ್ತು ಗಿಡದ ತೋಪು ಎಂದು ನಾನು ಬೀಗುತ್ತಿದ್ದುದು ಒಂದು ಮನೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದಷ್ಟೇ ಆಗಿತ್ತು. ಸಿಹಿ ತಾಯಿಯ ಮಕ್ಕಳೆಲ್ಲ ಸಿಹಿ ಎಂಬ ಖಾತ್ರಿಯೂ ಇಲ್ಲ, ಅರ್ಧ ಗುಣ ಮುಖ ನೋಡದ ಅಪ್ಪನದು.

ಹಾಗಾಗಿ ಬೀಜ ಎಷ್ಟು ತಾಯಿಗಳಿಂದ ತರಬೇಕು? 30 ಆದರೆ ಒಳ್ಳೆಯದು. ಈ ಅಂಕಿ ಗಾಳಿಯಿಂದ ಬಂದದ್ದಲ್ಲ. ಪ್ರತಿ ಗಿಡದಲ್ಲಿ ಪ್ರತಿ ಜೀನಿನ, ಅಂದರೆ ವಂಶವಾಹಿಯ, ಎರಡು ಪ್ರತಿಗಳಿರುತ್ತವೆ. 30 ಗಿಡಕ್ಕೆ 60 ಪ್ರತಿ. ನೂರು ಪ್ರತಿಗಳಲ್ಲಿ ಐದರಲ್ಲಿ ಮಾತ್ರ ಸಿಗುವ ಅಪರೂಪದ ರೂಪವೊಂದು ಇದೆ ಅನ್ನಿ. ಸಂಬಂಧವಿಲ್ಲದ 30 ಗಿಡಗಳಲ್ಲಿ ಅದು ಒಂದರಲ್ಲಾದರೂ ಇರುವ ಸಾಧ್ಯತೆ ಶೇಕಡಾ 95. ಹತ್ತೇ ಗಿಡವಾದರೆ ಸಾಧ್ಯತೆ ಶೇಕಡಾ 64ಕ್ಕೆ ಇಳಿಯುತ್ತದೆ. ಒಂದು ಊರಿನಲ್ಲಿ ಮೂವತ್ತು ಹಣ್ಣಿನ ಗಿಡ ಸಿಗುವುದು ಈಗ ಕಷ್ಟ. ಒಂದೇ ಹಳ್ಳದ ಮೂರು ನಾಲ್ಕು ಊರು ಸೇರಿಸಿಕೊಳ್ಳಿ. ಆದರೆ ಒತ್ತಿಕೊಂಡು ನಿಂತ ಗಿಡಗಳು ಸಂಬಂಧಿಕರೇ ಇರಬಹುದು. ಒಂದರಿಂದ ಒಂದಕ್ಕೆ ಕನಿಷ್ಠ ನೂರು ಹೆಜ್ಜೆ ಅಂತರ ಇರಲಿ.

ಪ್ರತಿ ತಾಯಿಯಿಂದ ಇಪ್ಪತ್ತು ಬೀಜ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಒಂದೇ ಗೊನೆಯಿಂದ ಇಪ್ಪತ್ತಲ್ಲ, ಮೂರು ನಾಲ್ಕು ಗೊನೆಯಿಂದ ಐದಾರು. ಬೇರೆ ಬೇರೆ ದಿನ ಅರಳಿದ ಗೊನೆಗೆ ಬೇರೆ ಬೇರೆ ಅಪ್ಪ ಸಿಕ್ಕಿರುತ್ತಾನೆ. ಪೇಪರ್ ಚೀಲದ ಮೇಲೆ ತಾಯಿಯ ನಂಬರು ಬರೆಯಿರಿ. ಉಳಿದ ಹಣ್ಣನ್ನು ಗಿಡದಲ್ಲೇ ಬಿಡಿ. ನರಿ, ಪುನುಗುಬೆಕ್ಕು, ಪಿಕಳಾರ, ಗೊರವಂಕ ಇವೆಲ್ಲ ಈ ಹಣ್ಣಿನ ಪಾಲುದಾರರು. ನರಿಯ ಹಿಕ್ಕೆಯಲ್ಲಿ ಈಚಲ ಬೀಜ ಸ್ವಚ್ಛವಾಗಿ ತೊಳೆದಿಟ್ಟ ಹಾಗೆ ಸಿಗುತ್ತದೆ, ಅದೂ ಹಲವು ತಾಯಂದಿರದು, ದೂರದೂರದ್ದು. ನಾನು ಅದನ್ನೂ ಕೈಗವಸು ಹಾಕಿಕೊಂಡು ಆರಿಸಿ, "ನರಿ" ಎಂದೇ ಒಂದು ಚೀಲ ಮಾಡುತ್ತೇನೆ.

ಕಪ್ಪತಗುಡ್ಡ ವನ್ಯಜೀವಿ ಧಾಮ, ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಹಣ್ಣನ್ನೂ ಮುಟ್ಟಬೇಡಿ. ಗುಡ್ಡದ ಮಸಾರಿ (ಕೆಂಪು ಮಣ್ಣಿನ) ನೆಲದ ಬೀಜವನ್ನು ಎರೆ ಹಳ್ಳಕ್ಕೆ ತರುವುದೂ ನನಗೆ ಸರಿ ಕಾಣುವುದಿಲ್ಲ. ಆಯಾ ನೆಲಕ್ಕೆ ಹೊಂದಿಕೊಂಡ ಬೀಜ ಅಲ್ಲಿಯೇ ಇರಲಿ.

ಬಿತ್ತುವುದು: ಬೀಜ ಒಂದು ಕಡೆ, ಮೊಳಕೆ ಇನ್ನೊಂದು ಕಡೆ

ತಿರುಳು ತೊಳೆದು, ಒಂದೆರಡು ದಿನ ನೀರಿನಲ್ಲಿ ನೆನೆಸಿ, ದಿನಕ್ಕೊಮ್ಮೆ ನೀರು ಬದಲಿಸಿ. ಬೀಜದ ಒಂದು ಬದಿಗೆ ಉದ್ದ ಗೀರು, ಇನ್ನೊಂದು ಬದಿಗೆ ನಡುವಿನಲ್ಲಿ ಸಣ್ಣ ಚುಕ್ಕೆ ಇರುತ್ತದೆ. ಆ ಚುಕ್ಕೆಯಿಂದ ಬಿಳಿ ಕೊಳವೆಯಂಥದ್ದು ಹೊರಟು ನೇರ ಭೂಮಿಯೊಳಗೆ ಇಳಿಯುತ್ತದೆ. ಬೇರೂ ಚಿಗುರೂ ಹೊರಡುವುದು ಆ ಕೊಳವೆಯ ತುದಿಯಿಂದ, ಬೀಜದಿಂದ ದೂರ. ನೋಡಲು ಬೇರಷ್ಟೇ ಬಂದಿದೆ, ಚಿಗುರು ಬಂದಿಲ್ಲ ಅನ್ನಿಸುತ್ತದೆ. ಕಿತ್ತು ನೋಡಿದರೆ ಅಲ್ಲಿಗೆ ಮುಗಿಯಿತು. ಇದೇ ಕಾರಣಕ್ಕೆ ಒಂದಡಿ ಎತ್ತರದ ಚೀಲ ಬೇಕು. ಒಂದು ಇಂಚು ಆಳಕ್ಕೆ ಬಿತ್ತಿ, ತೇವ ಆರದಂತೆ ನೋಡಿಕೊಳ್ಳಿ. ಒಂದರಿಂದ ಮೂರು ತಿಂಗಳು ಕಾಯಬೇಕಾದೀತು. ಚೀಲದ ಮೇಲೂ ತಾಯಿಯ ನಂಬರು ಇರಲಿ.

ಮೊದಲ ಎಲೆ ಗರಿಯಂತಿರುವುದಿಲ್ಲ, ಹುಲ್ಲಿನ ಎಸಳಿನಂತಿರುತ್ತದೆ. ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು ನಮ್ಮಲ್ಲಿ ಒಮ್ಮೆ ಒಂದು ಸಾಲು ಪೂರ್ತಿ ಕಿತ್ತು ಬದುವಿಗೆ ಒಗೆದಿದ್ದರು. ತಪ್ಪು ಅವರದಲ್ಲ, ತೋರಿಸಿ ಹೇಳದ ನನ್ನದು.

ಬೀಜ ಎಷ್ಟು ಗಟ್ಟಿ ಜೀವದ್ದು ಅನ್ನುವುದಕ್ಕೆ ಒಂದು ಮಾತು. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳಕೆಯೊಡೆಯಿತು. ಆ ಗಿಡಕ್ಕೆ ಮೆಥುಸೆಲಾ ಎಂದು ಹೆಸರಿಟ್ಟರು. ಅಷ್ಟು ಆಸೆಯಿಂದ ಬೆಳೆಸಿದ ಮೇಲೆ ಹೂವು ಬಂದಾಗ ನೋಡಿದರೆ ಗಂಡು! ಇನ್ನಷ್ಟು ಹಳೆಯ ಬೀಜಗಳನ್ನು ಮೊಳೆಸಿ, ಅದರಲ್ಲಿ ಹೆಣ್ಣೊಂದು ಸಿಕ್ಕು, ಮೆಥುಸೆಲಾನ ಪರಾಗ ಹಾಕಿ ಹಣ್ಣು ಕೊಯ್ಯುವಾಗ 2020 ಬಂದಿತ್ತು.

ಹಚ್ಚುವಾಗ

ಸಸಿಯಲ್ಲಿ ಗಂಡು ಹೆಣ್ಣು ತಿಳಿಯುವುದಿಲ್ಲ. ಸುಮಾರು ಅರ್ಧಕ್ಕರ್ಧ ಎಂದು ಹಿಡಿಯಬೇಕು. ಐದೇ ಸಸಿ ಹಚ್ಚಿದರೆ ಐದೂ ಒಂದೇ ಲಿಂಗದವಾಗುವ ಸಾಧ್ಯತೆ 16ರಲ್ಲಿ 1. ಹತ್ತು ಹಚ್ಚಿದರೆ 512ರಲ್ಲಿ 1. ಮನೆ ಮುಂದೆ ಒಂದು ಹಚ್ಚಿ ಹಣ್ಣು ತಿನ್ನುತ್ತೇನೆ ಅನ್ನುವವರು, ಸುತ್ತಲಲ್ಲಿ ಬೇರೆ ಈಚಲು ಇದೆಯೇ ನೋಡಿಕೊಳ್ಳಿ.

ಸಸಿ ಎಳೆಯದಿರುವಾಗಲೇ, ಎರಡು ಮೂರು ಮಳೆ ಬಿದ್ದು ನೆಲ ಹದವಾದ ಮೇಲೆ, ಬೇರು ಅಲ್ಲಾಡದಂತೆ ಇಡಿ. ಹದಿನೈದು ಇಪ್ಪತ್ತು ಅಡಿ ಅಂತರ ಸಾಕು. ಒಬ್ಬ ತಾಯಿಯ ಮಕ್ಕಳನ್ನು ಅಕ್ಕಪಕ್ಕ ಇಡಬೇಡಿ. ಇಸ್ಪೀಟು ಕಲಸಿದ ಹಾಗೆ ಚೀಲಗಳನ್ನು ಕಲಸಿ ಇಡಿ, ಯಾವ ಕುಣಿಗೆ ಯಾವ ನಂಬರು ಹೋಯಿತು ಎಂದು ಬರೆದುಕೊಳ್ಳಿ. ಗಾಳಿಯಲ್ಲಿ ಬರುವ ಧೂಳು ಹೆಚ್ಚಾಗಿ ನೆರೆಯ ಗಿಡದ್ದೇ, ನೆರೆಯವ ಅಣ್ಣನಾಗಿರಬಾರದು ಅಷ್ಟೆ. ಸುತ್ತ ಕಸ ಸುಡುವವರಿಂದ ಮೊದಲ ಮೂರು ವರ್ಷ ಕಾಪಾಡಿದರೆ ಆಮೇಲೆ ಅದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ಹತ್ತಿರದಲ್ಲಿ ಯಾರಾದರೂ ಖರ್ಜೂರದ ತೋಟ ಹಾಕಿದ್ದರೆ ಎಚ್ಚರ. ಅಲ್ಲಿನ ಹೆಣ್ಣುಗಿಡಗಳು ಸಾಮಾನ್ಯವಾಗಿ ಟಿಶ್ಯೂ ಕಲ್ಚರಿನವು, ಬರ್ಹಿ ತಳಿಯ ನೂರು ಗಿಡ ಅಂದರೆ ಒಂದೇ ಗಿಡದ ನೂರು ಪಡಿಯಚ್ಚು. ಜೊತೆಗೆ ಹಚ್ಚಿದ ಗಂಡು ಖರ್ಜೂರದ ಪರಾಗ ನಮ್ಮ ಈಚಲಿಗೆ ಸಲೀಸಾಗಿ ಕೂಡುತ್ತದೆ. ಹುಟ್ಟಿದ ಬೆರಕೆಯ ಹಣ್ಣು ದಪ್ಪವೂ ಇರಬಹುದು, ಮನೆಗೆ ಬೇಕಾದರೆ ಬೆಳೆಸಿ. ಹಳ್ಳದ ದಂಡೆಯ ತೋಪಿಗೆ ಮಾತ್ರ ಅಂಥ ತೋಟದ ಪಕ್ಕದ ತಾಯಿಯಿಂದ ಬೀಜ ತರಬೇಡಿ. ದೊಡ್ಡ ಈಚಲನ್ನು ಜೆಸಿಬಿಯಿಂದ ಕಿತ್ತು ರೆಸಾರ್ಟಿನ ಅಂದಕ್ಕೆ ಒಯ್ಯುವವರು ಹೊಲಕ್ಕೆ ಬಂದು ರೇಟು ಕೇಳುತ್ತಾರೆ. ಮಾರುವುದು ಬಿಡುವುದು ನಿಮ್ಮಿಷ್ಟ, ಹ್ಞೂಂ ಅನ್ನುವ ಮುಂಚೆ ನೋಟ್‌ಬುಕ್ ತೆಗೆದು ಅದು ಗಂಡೋ ಹೆಣ್ಣೋ, ಅಂಥವು ಇನ್ನೆಷ್ಟು ಉಳಿದಿವೆ ನೋಡಿ.

ಹೂವು ಕಾಣಲು ಐದಾರು ವರ್ಷವಾದರೂ ಬೇಕು, ಮಳೆ ನಂಬಿದ ಬದುವಿನಲ್ಲಿ ಇನ್ನೂ ಹೆಚ್ಚು. ಅಷ್ಟರಲ್ಲಿ ಗೀಜಗ ಬಂದು ಗೂಡು ಕಟ್ಟಲು ಗರಿ ಸೀಳಿಕೊಂಡು ಹೋಗಿರುತ್ತದೆ. ನನ್ನ ಹೊಸ ನೋಟ್‌ಬುಕ್ಕಿನಲ್ಲಿ ಕುಣಿಯ ನಂಬರು, ತಾಯಿಯ ನಂಬರು, ಹಚ್ಚಿದ ದಿನ ತುಂಬಿವೆ, ಕೊನೆಯ ಕಾಲಂ ಖಾಲಿ. ಹೋದ ಸಂಕ್ರಾಂತಿ ಮುಗಿದ ಮೇಲೆ ಹದಿನೇಳನೇ ಕುಣಿಯಲ್ಲಿ ಮೊದಲ ಹೊಂಬಾಳೆ ಒಡೆಯಿತು. ಈಗ ಎಂಬತ್ತು ದಾಟಿರುವ ಕಾಕಾನನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದೆ. ಅವರೇ ಕೋಲಿನಿಂದ ತಟ್ಟಿದರು, ಧೋತರದ ಮೇಲೆಲ್ಲ ಬಿಳಿ ಧೂಳು. "ಗಂಡ ಐತಿ. ಬರ್ಕೋ" ಅಂದರು.